ಪಕ್ಕದ ಮನೆಗೆ ಬಂದವರ ಮೇಲೆ ಕೇಸಿದೆಯಾ? ಲೈಂಗಿಕ ಅಪರಾಧಿಗಳ ಪಟ್ಟಿ, ಪೊಲೀಸ್ ಪರಿಶೀಲನೆ ಮತ್ತು ಬೀದಿಯಲ್ಲಿ ಮಕ್ಕಳ ಕಾವಲು

ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳು ಬಂದ ಮೇಲೆ ಕೋಲಾರದ ಸುತ್ತಮುತ್ತ ಬಾಡಿಗೆ ಮನೆಗಳಿಗೆ ಗುರುತಿಲ್ಲದವರು ಬಂದು ಹೋಗುವುದು ಮಾಮೂಲಾಗಿದೆ. ಮಕ್ಕಳಿರುವ ಮನೆಯವರು ಆಗಾಗ ಕೇಳುವ ಪ್ರಶ್ನೆ ಒಂದಿದೆ: ಅಮೆರಿಕದಲ್ಲಿರುವ ಹಾಗೆ, ಲೈಂಗಿಕ ಅಪರಾಧ ಮಾಡಿದವರ ಹೆಸರು ವಿಳಾಸ ನೋಡುವ ಪಟ್ಟಿ ನಮ್ಮಲ್ಲೂ ಇದೆಯಾ?

ಇದೆ. ಆದರೆ ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಪಟ್ಟಿ ಯಾರ ಕೈಯಲ್ಲಿದೆ

ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಕೋಶವನ್ನು ಕೇಂದ್ರ ಗೃಹ ಸಚಿವಾಲಯ 2018ರ ಸೆಪ್ಟೆಂಬರ್ 20ರಂದು ಆರಂಭಿಸಿತು. ನಿರ್ವಹಣೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿಯದು. ಆರಂಭದಲ್ಲೇ ಅದರಲ್ಲಿ 4.4 ಲಕ್ಷಕ್ಕೂ ಹೆಚ್ಚು ದಾಖಲೆಗಳಿದ್ದವು. ಅತ್ಯಾಚಾರ, ಸಾಮೂಹಿಕ ಅತ್ಯಾಚಾರ, ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಮುಂತಾದ ಪ್ರಕರಣಗಳಲ್ಲಿ ಶಿಕ್ಷೆಯಾದವರ ಹೆಸರು, ವಿಳಾಸ, ಫೋಟೊ, ಬೆರಳಚ್ಚು ಅಲ್ಲಿರುತ್ತವೆ. ತನಿಖಾ ಸಂಸ್ಥೆಗಳಿಗೆ ಮಾತ್ರ ಪ್ರವೇಶ. ಪೋಷಕರಿಗಾಗಲಿ, ಶಾಲೆಯ ಮುಖ್ಯೋಪಾಧ್ಯಾಯರಿಗಾಗಲಿ, ಮನೆ ಮಾಲೀಕರಿಗಾಗಲಿ ಅದನ್ನು ತೆರೆದು ಹುಡುಕುವ ದಾರಿಯಿಲ್ಲ. 'ನಿಮ್ಮ ಏರಿಯಾದ ಅಪರಾಧಿಗಳ ಪಟ್ಟಿ' ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಲಿಂಕುಗಳು ಸುಳ್ಳು. ಒತ್ತಬೇಡಿ.

ಅಮೆರಿಕದ ಪದ್ಧತಿ ಬೇರೆ. 2006ರ ಆ್ಯಡಂ ವಾಲ್ಶ್ ಕಾಯ್ದೆಯ ಪ್ರಕಾರ ಶಿಕ್ಷೆಯಾದವರು ಅಪರಾಧದ ಮಟ್ಟ ನೋಡಿಕೊಂಡು 15 ವರ್ಷ, 25 ವರ್ಷ ಅಥವಾ ಜೀವನಪರ್ಯಂತ ನೋಂದಣಿಯಲ್ಲಿರಬೇಕು. ಮನೆ, ಕೆಲಸ ಬದಲಾದರೆ ಮೂರು ಕೆಲಸದ ದಿನಗಳಲ್ಲಿ ತಿಳಿಸಬೇಕು. ಪಟ್ಟಿಯ ಬಹುಭಾಗ ಜಾಲತಾಣದಲ್ಲಿ ಬಹಿರಂಗವಾಗಿರುತ್ತದೆ. ನಮ್ಮಲ್ಲಿ ಶಿಕ್ಷೆ ಮುಗಿಸಿ ಬಂದವನು ಹೀಗೆ ತಾನಾಗಿ ಠಾಣೆಗೆ ಹೋಗಿ ನೋಂದಾಯಿಸಿಕೊಳ್ಳಬೇಕೆಂಬ ಸಾಮಾನ್ಯ ನಿಯಮವಿಲ್ಲ. ಅದಕ್ಕೆ ಸ್ವಲ್ಪ ಹತ್ತಿರ ಬರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಿಂದಿನ ಸಿಆರ್‌ಪಿಸಿಯ ಬದಲು ಬಂದ ಕಾಯ್ದೆ) 394ನೇ ಕಲಂ: ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಗಂಭೀರ ಅಪರಾಧದಲ್ಲಿ ಎರಡನೇ ಸಲ ಶಿಕ್ಷೆಯಾದವನು, ಬಿಡುಗಡೆಯ ನಂತರ ಐದು ವರ್ಷಗಳವರೆಗೆ ತನ್ನ ವಾಸಸ್ಥಳ ತಿಳಿಸುತ್ತಿರಬೇಕೆಂದು ನ್ಯಾಯಾಲಯ ಆದೇಶಿಸಬಹುದು. ಅದೂ ಪೊಲೀಸರಿಗೆ ಸಿಗುವ ಮಾಹಿತಿ, ಬೀದಿಗಲ್ಲ.

ಹಾಗಂತ ಪಟ್ಟಿ ನಿಮ್ಮ ಕೈಗೆ ಬಂದರೂ ನೆಮ್ಮದಿಯಿಂದ ಮಲಗುವ ಹಾಗಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಗೊತ್ತಿರುವವರೇ ಎಂದು ಎನ್‌ಸಿಆರ್‌ಬಿ ವರದಿಗಳು ವರ್ಷ ವರ್ಷವೂ ಹೇಳುತ್ತಿವೆ: ನೆಂಟರು, ನೆರೆಯವರು, ಮನೆಗೆ ಬಂದು ಹೋಗುವವರು, ಕಲಿಸುವವರು. ಅವರಲ್ಲಿ ಹೆಚ್ಚಿನವರ ಮೇಲೆ ಹಿಂದೆ ಒಂದು ಕೇಸೂ ಇರುವುದಿಲ್ಲ, ಆದ್ದರಿಂದ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಬಿಹಾರದಿಂದಲೋ ಒಡಿಶಾದಿಂದಲೋ ಬಂದ ಬಾಡಿಗೆಯವನ ಮೇಲೆ ಬೀದಿಯೇ ಕಣ್ಣಿಟ್ಟಿರುವಾಗ, ಮನೆಮಂದಿಯಂತೆ ಒಳಗೆ ಬಂದು ಹೋಗುವ 'ಮಾಮ'ನನ್ನು ಯಾರೂ ನೋಡುತ್ತಿರುವುದಿಲ್ಲ. ಕಾಯಬೇಕಾದದ್ದು ಸಂದರ್ಭಗಳನ್ನು. ಮಗು ಒಬ್ಬ ದೊಡ್ಡವರ ಜೊತೆ, ಯಾರ ಕಣ್ಣಿಗೂ ಬೀಳದೆ, ಎಷ್ಟು ಹೊತ್ತು ಇರುತ್ತದೆ? ಮುಂದಿನದೆಲ್ಲ ಈ ಪ್ರಶ್ನೆಯ ಸುತ್ತಲೇ.

ಹೆಜ್ಜೆ 1: ಮಕ್ಕಳ ಹತ್ತಿರ ಬರುವವರ ಪರಿಶೀಲನೆ

2020ರ ಪೋಕ್ಸೊ ನಿಯಮಗಳ 3ನೇ ನಿಯಮ ಬಹಳ ಜನರಿಗೆ ಗೊತ್ತಿಲ್ಲ. ಶಾಲೆ, ಶಿಶುವಿಹಾರ, ಹಾಸ್ಟೆಲ್, ಕ್ರೀಡಾ ತರಬೇತಿ ಕೇಂದ್ರ, ಹೀಗೆ ಮಕ್ಕಳು ನಿಯಮಿತವಾಗಿ ಬರುವ ಯಾವುದೇ ಸಂಸ್ಥೆ ತನ್ನ ಪ್ರತಿಯೊಬ್ಬ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕು. ಬೋಧಕರು, ಬೋಧಕೇತರರು, ಕಾಯಂ, ಗುತ್ತಿಗೆ ಎಂಬ ಭೇದವಿಲ್ಲ. ಒಂದು ಸಲ ಮಾಡಿಸಿ ಫೈಲಿಗೆ ಹಾಕಿದರೆ ಸಾಲದು, ಕಾಲಕಾಲಕ್ಕೆ ಆಗಬೇಕು. ಕರಾಟೆ ಕ್ಲಾಸಿನವರು, ಈಜು ಕಲಿಸುವವರು, ಬೇಸಿಗೆ ಶಿಬಿರದವರು, ಶಾಲಾ ವಾಹನದ ಕ್ಲೀನರ್ ಇವರೆಲ್ಲ ಇದರೊಳಗೇ ಬರುತ್ತಾರೆ.

ದಾಖಲಾತಿ ದಿನ ಶುಲ್ಕದ ಬಗ್ಗೆ ಕೇಳುವಷ್ಟೇ ಸಲೀಸಾಗಿ ಇದನ್ನೂ ಕೇಳಿ: "ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಕೊನೆಯ ಸಲ ಯಾವಾಗ ಆಗಿದೆ? ವಾಹನದ ಚಾಲಕ, ಕ್ಲೀನರ್‌ದೂ ಆಗಿದೆಯಾ?" ಬಾಯಿಮಾತಿನ ಉತ್ತರ ಬಂದರೆ ನಾಲ್ಕೈದು ಪೋಷಕರು ಸೇರಿ ಒಂದು ಸಾಲಿನ ಪತ್ರ ಬರೆದು, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ನಡಾವಳಿಯಲ್ಲಿ ಬರೆಸಿ.

ಮನೆಗೆ ಬರುವ ಟ್ಯೂಷನ್ ಮೇಷ್ಟ್ರು, ನೀವೇ ಗೊತ್ತುಮಾಡಿದ ಆಟೊ ಚಾಲಕ, ಮಗು ನೋಡಿಕೊಳ್ಳುವವರು ಇವರಿಂದ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಕೇಳಬಹುದು. ಸೇವಾ ಸಿಂಧು ಜಾಲತಾಣದಲ್ಲಿ ಪೊಲೀಸ್ ಇಲಾಖೆಯ ಸೇವೆಗಳಡಿ ಅರ್ಜಿ ಹಾಕಬೇಕು, ಗುರುತಿನ ಮತ್ತು ವಿಳಾಸದ ದಾಖಲೆ ಕೊಡಬೇಕು. ತಪ್ಪಾಗುವುದು ವಿಳಾಸದಲ್ಲಿ. ಆರು ತಿಂಗಳ ಹಿಂದೆ ಮಾಲೂರಿಗೆ ಬಂದವನು ಮಾಲೂರಿನ ವಿಳಾಸ ಮಾತ್ರ ಕೊಟ್ಟರೆ ಅಲ್ಲಿನ ಠಾಣೆಯಲ್ಲಿ ಅವನ ಬಗ್ಗೆ ಏನಿರುತ್ತದೆ? ಹುಟ್ಟೂರು, ಹಿಂದೆ ಇದ್ದ ಊರು ಎರಡರ ವಿಳಾಸವನ್ನೂ ಕೊಡಲು ಹೇಳಿ. ಮೂಲಪ್ರತಿ ನೋಡಿ, ದಿನಾಂಕ ನೋಡಿ. ಹಿಂದೆ ಕೆಲಸ ಮಾಡಿದ ಎರಡು ಕಡೆಗೆ ಫೋನ್ ಮಾಡಿ "ಯಾಕೆ ಬಿಟ್ಟರು? ಮತ್ತೆ ಬಂದರೆ ಸೇರಿಸಿಕೊಳ್ಳುತ್ತೀರಾ?" ಎಂದು ಕೇಳಿ. ಆ ಎರಡನೇ ಪ್ರಶ್ನೆಗೆ ಬರುವ ತಡವರಿಕೆ ಎಷ್ಟೋ ಸಲ ಪ್ರಮಾಣಪತ್ರಕ್ಕಿಂತ ಹೆಚ್ಚು ಹೇಳುತ್ತದೆ.

ಪ್ರಮಾಣಪತ್ರ ಸ್ವಚ್ಛವಾಗಿದೆ ಎಂದರೆ ದಾಖಲಾದ ಪ್ರಕರಣ ಸಿಗಲಿಲ್ಲ ಎಂದಷ್ಟೇ ಅರ್ಥ. ಬಾಲಾಪರಾಧದ ದಾಖಲೆಗಳು ಸಾಮಾನ್ಯವಾಗಿ ಇದರಲ್ಲಿ ಕಾಣುವುದಿಲ್ಲ. ಬಾಲನ್ಯಾಯ ಕಾಯ್ದೆಯ ಪ್ರಕಾರ ಅವನ್ನು ಅವಧಿ ಮುಗಿದ ಮೇಲೆ ತೆಗೆದುಹಾಕುತ್ತಾರೆ.

ನ್ಯಾಯಾಲಯದ ಕೇಸುಗಳ ವಿವರ ತೋರಿಸುವ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹೆಸರು ಹಾಕಿ ಹುಡುಕುವವರೂ ಇದ್ದಾರೆ. ಮಂಜುನಾಥ, ವೆಂಕಟೇಶ ಎಂದು ಹಾಕಿದರೆ ಒಂದೇ ತಾಲೂಕಿನಲ್ಲಿ ಎಷ್ಟು ಜನ ಬರುತ್ತಾರೋ! ಕೇಸು ಬಿದ್ದುಹೋಗಿ ಖುಲಾಸೆಯಾದವರೂ ಅದರಲ್ಲಿರುತ್ತಾರೆ. ಲೈಂಗಿಕ ಅಪರಾಧಗಳ ಎಫ್‌ಐಆರ್‌ಗಳನ್ನು ಪೊಲೀಸ್ ಜಾಲತಾಣಕ್ಕೆ ಹಾಕಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ವಿನಾಯಿತಿ ಕೊಟ್ಟಿದೆ, ಹಾಗಾಗಿ ಅಲ್ಲಿ ಹುಡುಕಿಯೂ ಪ್ರಯೋಜನವಿಲ್ಲ.

ಹೆಜ್ಜೆ 2: ಬೀದಿಯನ್ನು ನಡೆದು ನೋಡಿ

ಮಧ್ಯಾಹ್ನದ ಬಿಸಿಲಲ್ಲಿ ಬೇಡ. ಸಂಜೆ ಐದರಿಂದ ಏಳರ ನಡುವೆ, ಮಕ್ಕಳು ಆಡುವ ಹೊತ್ತಿಗೆ, ಇಬ್ಬರು ಮೂವರು ಸೇರಿ ಒಂದು ಸುತ್ತು ಹಾಕಿ. ಕಟ್ಟಿ ಅರ್ಧಕ್ಕೆ ಬಿಟ್ಟ ಮನೆ, ಬೀಗವಿಲ್ಲದ ಟೆರೇಸ್, ನೀರಿನ ಟ್ಯಾಂಕಿನ ಹಿಂಬದಿ, ಬಲ್ಬು ಹೋದ ಕಂಬ, ಶಾಲೆಯ ಹಿಂದಿನ ಶೌಚಾಲಯ. ಶ್ರೀನಿವಾಸಪುರದ ಕಡೆಯಾದರೆ ಮಾವಿನ ತೋಟದ ಕಾವಲು ಶೆಡ್ಡು, ಮಾಲೂರಿನ ಕಡೆಯಾದರೆ ಇಟ್ಟಿಗೆ ಗೂಡಿನ ಸಾಲುಮನೆಗಳು. ಗೂಡುಗಳಲ್ಲಿ ಅಪ್ಪ ಅಮ್ಮ ನಸುಕಿಗೇ ಕೆಲಸಕ್ಕಿಳಿದರೆ ಮಕ್ಕಳು ಶೆಡ್ಡಿನಲ್ಲಿ ತಾವೇ ಇರುತ್ತಾರೆ. ಅಂಥ ಕಡೆ ಮೊದಲ ಕೆಲಸ, ಮಕ್ಕಳನ್ನು ಅಂಗನವಾಡಿಗೋ ಶಾಲೆಗೋ ಸೇರಿಸುವುದು. ಕಂಡದ್ದನ್ನು ಬರೆದು ಕಂಬದ ಸಂಖ್ಯೆ ಸಮೇತ ನಗರಸಭೆಗೋ ಪಂಚಾಯಿತಿಗೋ ಕೊಡಿ. ಪ್ರತಿ ಬೀದಿಗೂ ಬೀಟ್ ಪೊಲೀಸರಿರುತ್ತಾರೆ. ಅವರ ನಂಬರು ನಿಮ್ಮ ಫೋನಿನಲ್ಲಿರಲಿ.

ಶಾಲೆ ಆಟೊ ಬಗ್ಗೆ ಒಂದು ಲೆಕ್ಕ ಹಾಕಿ. ಬೆಳಿಗ್ಗೆ ಮೊದಲು ಹತ್ತುವ ಮಗು ಮತ್ತು ಸಂಜೆ ಕೊನೆಗೆ ಇಳಿಯುವ ಮಗು ಚಾಲಕನ ಜೊತೆ ಒಂಟಿಯಾಗಿರುತ್ತವೆ. ಎಷ್ಟೋ ಕಡೆ ಎರಡೂ ಒಂದೇ ಮಗುವಾಗಿರುತ್ತದೆ, ಏಕೆಂದರೆ ಅದರ ಮನೆ ಎಲ್ಲರಿಗಿಂತ ದೂರ. ಕೊನೆಯ ಇಬ್ಬರು ಒಟ್ಟಿಗೇ ಇಳಿಯುವಂತೆ ಮಾರ್ಗ ತಿದ್ದಿಸಿ. ಆಗದಿದ್ದರೆ ಕೊನೆಯ ಮಗುವನ್ನು ಅದರ ಹಿಂದಿನ ನಿಲ್ದಾಣದಲ್ಲೇ ಇಳಿಸಿಕೊಳ್ಳಿ. ಚಾಲಕನ ಪಕ್ಕದ ಸೀಟಿನಲ್ಲಿ ಮಗುವನ್ನು ಕೂರಿಸುವುದನ್ನು ಪೂರ್ತಿ ನಿಲ್ಲಿಸಿ.

ಟ್ಯೂಷನ್ ಮನೆಯ ಮುಂಬಾಗಿಲು ತೆರೆದಿರಬೇಕು, ಪಾಠ ಹಜಾರದಲ್ಲೇ ಆಗಬೇಕು. ಹೇಳದೆ ಕೇಳದೆ ಆಗೊಮ್ಮೆ ಈಗೊಮ್ಮೆ ಹತ್ತು ನಿಮಿಷ ಮುಂಚೆ ಹೋಗಿ ನಿಲ್ಲಿ. ಇದಕ್ಕೆ ಬೇಸರ ಮಾಡಿಕೊಳ್ಳುವ ಕಡೆ ಮಗುವನ್ನು ಬಿಡುವುದು ಬೇಡ.

ಹೆಜ್ಜೆ 3: ಹತ್ತಿರವಾಗುವ ರೀತಿ ಗಮನಿಸಿ

ಇಂಥವನು ಮಗುವಿಗಿಂತ ಮೊದಲು ಮನೆಯವರ ನಂಬಿಕೆ ಗಳಿಸುತ್ತಾನೆ. ಗ್ಯಾಸ್ ಸಿಲಿಂಡರ್ ಎತ್ತಿ ಕೊಡುತ್ತಾನೆ, ರೇಷನ್ ತಂದುಕೊಡುತ್ತಾನೆ, "ನೀವು ಕೆಲಸಕ್ಕೆ ಹೋಗಿ ಅಕ್ಕ, ನಾನು ನೋಡ್ಕೋತೀನಿ" ಎನ್ನುತ್ತಾನೆ. ಆಮೇಲೆ ಹಲವು ಮಕ್ಕಳಲ್ಲಿ ಒಂದನ್ನೇ ಆರಿಸಿ ಚಾಕೊಲೇಟ್, ಮೊಬೈಲ್ ಗೇಮ್, ಬೈಕ್ ಸವಾರಿ. ನಂತರ ಸಣ್ಣ ಗುಟ್ಟು: "ಐಸ್‌ಕ್ರೀಂ ಕೊಡಿಸಿದ್ದು ಅಮ್ಮಂಗೆ ಹೇಳ್ಬೇಡ." ಈ ನಿರುಪದ್ರವಿ ಗುಟ್ಟೇ ಪರೀಕ್ಷೆ. ಮಗು ಮನೆಯಲ್ಲಿ ಹೇಳದಿದ್ದರೆ ಮುಂದಿನ ಗುಟ್ಟೂ ಉಳಿಯುತ್ತದೆ ಎಂದು ಅವನಿಗೆ ಗೊತ್ತಾಗುತ್ತದೆ.

ಒಂದೊಂದನ್ನೇ ನೋಡಿದರೆ ಇವು ಯಾವ ಒಳ್ಳೆಯ ನೆರೆಯವರೂ ಮಾಡುವ ಕೆಲಸ. ಆದ್ದರಿಂದ ಆರೋಪಿಸಲು ಹೋಗಬೇಡಿ. ಒಂಟಿಯಾಗಿ ಸಿಗುವ ಅವಕಾಶವನ್ನಷ್ಟೇ ಕಡಿಮೆ ಮಾಡಿ: ಉಡುಗೊರೆ ನಮ್ಮ ಕೈಗೇ ಕೊಡಿ ಅನ್ನಿ, ಬೈಕಿನಲ್ಲಿ ಕಳಿಸಬೇಡಿ, ಸ್ನಾನ ಶೌಚದ ಕೆಲಸ ಯಾರಿಗೆ ಎಂದು ಮನೆಯಲ್ಲೇ ನಿಗದಿ ಮಾಡಿ. ಗಂಡು ಮಕ್ಕಳ ವಿಷಯದಲ್ಲಿ ಈ ಎಚ್ಚರ ಸಡಿಲವಾಗಿರುತ್ತದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳಲ್ಲಿ ನಡೆಸಿದ ಅಧ್ಯಯನದಲ್ಲಿ ದೌರ್ಜನ್ಯ ಅನುಭವಿಸಿದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಗಂಡು ಮಕ್ಕಳೇ ಇದ್ದರು. ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಒಂದೇ.

ಹೆಜ್ಜೆ 4: ಮಗುವಿಗೆ ಏನು ಕಲಿಸಬೇಕು

ಮೊದಲು ಬಿಡಬೇಕಾದದ್ದು 'ಶೇಮ್ ಶೇಮ್'. ಬಟ್ಟೆಯಿಲ್ಲದ ಮಗುವಿಗೆ ದಿನಾ ಹಾಗೆ ಹೇಳಿ ಬೆಳೆಸಿದರೆ, ನಾಳೆ ಅಲ್ಲಿ ಯಾರಾದರೂ ಮುಟ್ಟಿದಾಗ ಅದು ನಾಚಿಕೆಪಟ್ಟು ಸುಮ್ಮನಾಗುತ್ತದೆ. ಎರಡನೆಯದು "ಹೋಗು, ಮಾಮಂಗೆ ಮುತ್ತು ಕೊಡು" ಎಂಬ ಒತ್ತಾಯ. ಬೇಡ ಅಂದರೆ ಬೇಡ, ಕೈಮುಗಿದು ನಮಸ್ಕಾರ ಮಾಡಲಿ.

'ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ' ಎಂದು ಮಾತ್ರ ಕಲಿಸಿದರೆ ಚಿಕ್ಕ ಮಕ್ಕಳಿಗೆ ಗೊಂದಲ. ಕಚಗುಳಿಯಿಂದ ಶುರುವಾದದ್ದು ಕೆಟ್ಟದ್ದು ಅನ್ನಿಸುವುದೇ ಇಲ್ಲ, ಇಂಜೆಕ್ಷನ್ ನೋಯುತ್ತದೆ ಆದರೆ ತಪ್ಪಲ್ಲ. ಅನಿಸಿಕೆಗೆ ಬಿಡದೆ ನಿಯಮವಾಗಿ ಹೇಳಿ: ಚಡ್ಡಿ ಬನಿಯನ್ನು ಮುಚ್ಚುವ ಜಾಗ ನಿನ್ನದು, ತೊಳೆಯಲು ಅಮ್ಮನೋ ಅಜ್ಜಿಯೋ, ನೋವಾದಾಗ ಅಮ್ಮನ ಎದುರಿಗೆ ಡಾಕ್ಟರು, ಅಷ್ಟೇ, ಬೇರೆಯವರದು ನೋಡು, ಮುಟ್ಟು ಅಂದರೂ ಇದೇ ನಿಯಮ, ಫೋಟೊಗೂ ಇದೇ. ದೇಹದ ಭಾಗಗಳಿಗೆ ಸರಿಯಾದ ಹೆಸರು ಕಲಿಸಿ. ಮನೆಯಲ್ಲಿ ತೆಲುಗೋ ತಮಿಳೋ ಉರ್ದುವೋ ಆಡುವುದಾದರೆ ಆ ಭಾಷೆಯಲ್ಲೇ ಕಲಿಸಿ.

ಗುಟ್ಟು ಮತ್ತು ಅಚ್ಚರಿಯ ವ್ಯತ್ಯಾಸ ಹೇಳಿಕೊಡಿ. ಅಜ್ಜಿಯ ಹುಟ್ಟುಹಬ್ಬದ ಕೇಕ್ ಅಚ್ಚರಿ, ನಾಳೆ ಎಲ್ಲರಿಗೂ ಗೊತ್ತಾಗುತ್ತದೆ. ಯಾವತ್ತಿಗೂ ಹೇಳಬೇಡ ಅನ್ನುವುದು ಗುಟ್ಟು, ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಹೇಳಿಕೊಳ್ಳಲು ಐದು ಜನರನ್ನು ಮಗುವೇ ಬೆರಳೆಣಿಸಿ ಆರಿಸಲಿ, ಅದರಲ್ಲಿ ಇಬ್ಬರಾದರೂ ಮನೆಯ ಹೊರಗಿನವರಾಗಿರಲಿ, ಏಕೆಂದರೆ ತೊಂದರೆ ಮನೆಯೊಳಗೇ ಇರಬಹುದು. ಆರನೆಯದಾಗಿ ಮಕ್ಕಳ ಸಹಾಯವಾಣಿ 1098 ಕಲಿಸಿ. ಒಂದು ದಿನದ ಪಾಠಕ್ಕೆ ಇದು ಉಳಿಯುವುದಿಲ್ಲ. ಸ್ನಾನದ ಹೊತ್ತಿನಲ್ಲಿ, ಬಸ್ಸಿನಲ್ಲಿ "ಆಟೊ ಅಂಕಲ್ ಬೇರೆ ದಾರೀಲಿ ಹೋದ್ರೆ ಏನ್ಮಾಡ್ತೀಯ?" ಎಂದು ಆಟದ ಹಾಗೆ ಕೇಳುತ್ತಿರಿ.

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೆ ಮಕ್ಕಳನ್ನು ಕಳಿಸಿ. ದೊಡ್ಡವರಿಗೆ ಕಾಣದ ಜಾಗಗಳ ಹೆಸರು ಅಲ್ಲಿ ಮಕ್ಕಳ ಬಾಯಿಂದಲೇ ಬರುತ್ತದೆ.

ಹೆಜ್ಜೆ 5: ಮಗು ಬಂದು ಹೇಳಿದಾಗ

ಮಾಡುತ್ತಿದ್ದ ಕೆಲಸ ನಿಲ್ಲಿಸಿ ಕೂತು ಕೇಳಿ. "ನೀನು ಹೇಳಿದ್ದು ಒಳ್ಳೇದಾಯ್ತು. ನಿನ್ನ ತಪ್ಪಿಲ್ಲ." ಇಷ್ಟು ಸಾಕು. "ಆಗಲೇ ಯಾಕೆ ಹೇಳಲಿಲ್ಲ? ನೀನ್ಯಾಕೆ ಅಲ್ಲಿಗೆ ಹೋದೆ?" ಬೇಡ. ಅಜ್ಜಿ, ಅತ್ತೆ, ಪಕ್ಕದ ಮನೆಯವರು ಒಬ್ಬೊಬ್ಬರಾಗಿ ಕೇಳಿದರೆ ಮಗು ಪ್ರತಿ ಸಲ ಸ್ವಲ್ಪ ಸ್ವಲ್ಪ ಬದಲಿಸಿ ಹೇಳುತ್ತದೆ, ನ್ಯಾಯಾಲಯದಲ್ಲಿ ಅದನ್ನೇ ಎತ್ತಿ ತೋರಿಸುತ್ತಾರೆ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ, ದಿನಾಂಕ ಸಮಯ ಹಾಕಿ ಬರೆದಿಡಿ. ಮಗು "ಉಚ್ಚೆ ಮಾಡೋ ಜಾಗ" ಅಂದಿದ್ದರೆ ಹಾಗೇ ಬರೆಯಿರಿ. 'ಖಾಸಗಿ ಅಂಗ' ಎಂದು ತಿದ್ದಿದರೆ ನಾಲ್ಕು ವರ್ಷದ ಮಗು ಹೀಗೆ ಹೇಳಿತೇ ಎಂಬ ಪ್ರಶ್ನೆ ಏಳುತ್ತದೆ.

ದೈಹಿಕ ದೌರ್ಜನ್ಯವಾಗಿದ್ದರೆ ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ತೇವಕ್ಕೆ ಬೂಸಲು ಹಿಡಿದು ಸಾಕ್ಷ್ಯ ಹಾಳಾಗುತ್ತದೆ. ಕಾಗದದ ಕವರಿನಲ್ಲಿಡಿ. ಮೊದಲ 72 ಗಂಟೆ ಮುಖ್ಯ. ಅದು ದಾಟಿದ್ದರೂ ಆಸ್ಪತ್ರೆಗೆ ಹೋಗಲೇಬೇಕು, ಚಿಕಿತ್ಸೆಗೆ ಗಡುವಿಲ್ಲ. "ಮೊದಲು ಎಫ್‌ಐಆರ್ ತನ್ನಿ" ಎಂದು ಆಸ್ಪತ್ರೆ ಹೇಳುವಂತಿಲ್ಲ. ಪೋಕ್ಸೊ 27ನೇ ಕಲಂ ಪ್ರಕಾರ ದೂರು ದಾಖಲಾಗುವ ಮೊದಲೂ ಪರೀಕ್ಷೆ ಆಗಬಹುದು. ಹೆಣ್ಣು ಮಗುವನ್ನು ಮಹಿಳಾ ವೈದ್ಯರೇ, ಪೋಷಕರ ಅಥವಾ ಮಗು ನಂಬುವವರ ಎದುರಿಗೆ ಪರೀಕ್ಷಿಸಬೇಕು. ಖಾಸಗಿ ಆಸ್ಪತ್ರೆಯೂ ಪ್ರಥಮ ಚಿಕಿತ್ಸೆಯನ್ನು ಉಚಿತವಾಗಿ ಕೊಡಲೇಬೇಕು. ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ ನಿಷೇಧಿಸಿದೆ. ಯಾರಾದರೂ ಮಾಡಹೊರಟರೆ ತಡೆಯಿರಿ.

ಹೆಜ್ಜೆ 6: ದೂರು

112 ಅಥವಾ 1098ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಯಾವುದೇ ಠಾಣೆಗೆ ಹೋಗಿ. ಅಪರಾಧ ನಡೆದದ್ದು ಬೇರೆ ಠಾಣೆಯ ವ್ಯಾಪ್ತಿಯಲ್ಲಾದರೂ ಶೂನ್ಯ ಎಫ್‌ಐಆರ್ ದಾಖಲಿಸಿ ವರ್ಗಾಯಿಸುವುದು ಅವರ ಕೆಲಸ. ಮುಳಬಾಗಿಲಿನ ಮಗುವಿಗೆ ಗಡಿಯಾಚೆ ಪಲಮನೇರಿನ ನೆಂಟರ ಮನೆಯಲ್ಲಿ ತೊಂದರೆಯಾಗಿದ್ದರೂ ಮುಳಬಾಗಿಲಿನಲ್ಲೇ ದೂರು ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ.

ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಇಷ್ಟಪಡುವ ಜಾಗದಲ್ಲೋ, ಸಾಧ್ಯವಾದಷ್ಟು ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ದಾಖಲಿಸಬೇಕು. ಸಮವಸ್ತ್ರ ಹಾಕಿರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮಗು ತೆಲುಗಿನಲ್ಲಿ ಹೇಳಿದರೆ ಅನುವಾದಕರನ್ನು ಕೇಳಿ. ಕನ್ನಡದಲ್ಲಿ ಬರೆದುಕೊಂಡದ್ದನ್ನು ಓದಿಸಿ ಕೇಳಿದ ಮೇಲೇ ಸಹಿ.

ದೂರು ತೆಗೆದುಕೊಳ್ಳದಿದ್ದರೆ ಜಗಳಕ್ಕಿಳಿಯಬೇಡಿ, ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ (ಎಸ್‌ಪಿ) ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಇಲ್ಲಿ ಕೋಲಾರದವರು ಎಡವುವುದುಂಟು: ಕಂದಾಯ ಜಿಲ್ಲೆ ಒಂದೇ ಆದರೂ ಪೊಲೀಸ್ ಜಿಲ್ಲೆ ಎರಡು. ಬಂಗಾರಪೇಟೆ, ಕೆಜಿಎಫ್, ಬೇತಮಂಗಲ ಕಡೆಯವರ ಪತ್ರ ಕೆಜಿಎಫ್ ಎಸ್‌ಪಿಗೆ ಹೋಗಬೇಕು, ಕೋಲಾರ ಎಸ್‌ಪಿಗಲ್ಲ. ಅದಕ್ಕೂ ಫಲವಿಲ್ಲದಿದ್ದರೆ ಮ್ಯಾಜಿಸ್ಟ್ರೇಟ್. ಪೋಕ್ಸೊ ದೂರು ದಾಖಲಿಸದಿರುವುದೇ 21ನೇ ಕಲಂ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲು. ಅದೇ ಕಲಂ ಗೊತ್ತಿದ್ದೂ ತಿಳಿಸದ ನೆರೆಯವರಿಗೂ ಅನ್ವಯ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕಲು ಬರುವುದಿಲ್ಲ.

ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಸಮಿತಿಯಿಂದ ಎರಡು ವಿಷಯ ಕೇಳಿ. ಒಂದು, ಆಸ್ಪತ್ರೆಯಿಂದ ವಿಚಾರಣೆಯವರೆಗೆ ಜೊತೆಗಿರುವ ಬೆಂಬಲ ವ್ಯಕ್ತಿ. ಇನ್ನೊಂದು, ಊಟ ಬಟ್ಟೆ ಪ್ರಯಾಣದ ತುರ್ತು ಖರ್ಚಿಗೆ ವಿಶೇಷ ಪರಿಹಾರ. ಶಿಫಾರಸು ತಲುಪಿದ ಒಂದು ವಾರದೊಳಗೆ ಹಣ ಬರಬೇಕು. ದೊಡ್ಡ ಮೊತ್ತದ ಪರಿಹಾರ ವಿಶೇಷ ನ್ಯಾಯಾಲಯದಿಂದ, ತೀರ್ಪಿಗೆ ಮುಂಚೆ ಮಧ್ಯಂತರ ಪರಿಹಾರವನ್ನೂ ಕೇಳಬಹುದು. ವಕೀಲರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಸಹಾಯವಾಣಿ 15100. ಮಗುವಿನ ಫೋಟೊ ವಿಡಿಯೊ ಹರಿದಾಡುತ್ತಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930. ಸ್ಕ್ರೀನ್‌ಶಾಟ್ ಎಂದು ಅದನ್ನು ಯಾರಿಗೂ ಕಳಿಸಬೇಡಿ, ಲಿಂಕನ್ನು ಮಾತ್ರ ಬರೆದುಕೊಳ್ಳಿ.

ಊರ ಹಿರಿಯರು ಕೂತು 'ಮರ್ಯಾದೆ ಪ್ರಶ್ನೆ' ಎಂದು ರಾಜಿ ಮಾಡಿಸಲು ಬರುತ್ತಾರೆ, ಎಲ್ಲ ಕಡೆಯೂ ಬರುತ್ತಾರೆ. ರಾಜಿಯಾಯಿತೆಂದು ಪೋಕ್ಸೊ ಪ್ರಕರಣ ರದ್ದುಮಾಡಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಅಷ್ಟು ಹೇಳಿ ಎದ್ದು ಬನ್ನಿ.

ಆರೋಪಿ ಅಥವಾ ಶಿಕ್ಷೆ ಮುಗಿಸಿದವನು ಅದೇ ಬೀದಿಗೆ ಬಂದರೆ

ಫೋಟೊ ಅಂಟಿಸುವುದು, ಗ್ರೂಪಿನಲ್ಲಿ ಹಾಕುವುದು, ಮನೆ ಮುಂದೆ ಗುಂಪು ಕೂಡುವುದು ಬೇಡ. ಆರೋಪಿ ಮಗುವಿನ ನೆಂಟನಾಗಿದ್ದರೆ ಅವನ ಹೆಸರು ಹಾಕಿದರೂ ಮಗು ಯಾರೆಂದು ಊರಿಗೇ ಗೊತ್ತಾಗುತ್ತದೆ, ಮಗುವಿನ ಗುರುತು ಬಯಲು ಮಾಡುವುದು ಅಪರಾಧ. ಗುಂಪು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ಸಾಕು: ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರ ಜೊತೆಗಿದ್ದ ಯುವಕ ಬಲಿಯಾದ.

ಮಾಡಬೇಕಾದ ಕೆಲಸ ನ್ಯಾಯಾಲಯದಲ್ಲಿದೆ. ಆರೋಪಿ ಜಾಮೀನು ಕೇಳಿದ ವಿಷಯವನ್ನು ಪೊಲೀಸರು ಮಗುವಿನ ಕುಟುಂಬಕ್ಕೆ ತಿಳಿಸಬೇಕು, ಜಾಮೀನಿನ ವಿಚಾರಣೆಯಲ್ಲಿ ಸಂತ್ರಸ್ತರ ಮಾತು ಕೇಳಿಸಿಕೊಳ್ಳಬೇಕು. ತನಿಖಾಧಿಕಾರಿಯನ್ನು ವಾರಕ್ಕೊಮ್ಮೆ ವಿಚಾರಿಸುತ್ತಿರಿ, ಇಲ್ಲದಿದ್ದರೆ ಅರ್ಜಿ ಬಂದು ಹೋದದ್ದೇ ಗೊತ್ತಾಗುವುದಿಲ್ಲ. ವಿಶೇಷ ಸರ್ಕಾರಿ ಅಭಿಯೋಜಕರಿಗೆ ಬರವಣಿಗೆಯಲ್ಲಿ ಕೊಡಿ: ಮಗುವಿನ ಮನೆ ಯಾವ ಬೀದಿ, ಶಾಲೆ ಎಲ್ಲಿ, ಆಟೊ ಯಾವ ದಾರಿಯಲ್ಲಿ ಹೋಗುತ್ತದೆ, ಆರೋಪಿಯ ಮನೆ ಅಲ್ಲಿಂದ ಎಷ್ಟು ದೂರ. ಈ ವಿವರಗಳಿದ್ದರೆ 'ಸಾಕ್ಷಿಗಳಿಗೆ ತೊಂದರೆ ಕೊಡಬಾರದು' ಎಂಬ ಮಾಮೂಲಿ ಷರತ್ತಿನ ಬದಲು, ಇಂಥ ಬಡಾವಣೆಗೆ ಕಾಲಿಡಬಾರದು, ಇಂಥ ಶಾಲೆಯ ಹತ್ತಿರ ಸುಳಿಯಬಾರದು ಎಂಬ ಷರತ್ತನ್ನೇ ಕೇಳಲು ಅವರಿಗೆ ಅನುಕೂಲ. ಷರತ್ತು ಮುರಿದರೆ ದಿನಾಂಕ, ಸಮಯ, ನೋಡಿದವರ ಹೆಸರು ಬರೆದಿಟ್ಟು, ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲೇ ಪ್ರತಿ ಮಾಡಿಸಿಕೊಂಡು, ಜಾಮೀನು ರದ್ದತಿಗೆ ಅದೇ ಅಭಿಯೋಜಕರ ಮೂಲಕ ಅರ್ಜಿ ಹಾಕಿಸಿ.

ಶಿಕ್ಷೆ ಪೂರ್ತಿ ಮುಗಿಸಿ ಬಂದವನಿಗೆ ಊರಲ್ಲಿ ಬದುಕುವ ಹಕ್ಕಿದೆ. ಆದರೆ ಅವನು ಮಕ್ಕಳ ಸಂಸ್ಥೆಯಲ್ಲೋ ಶಾಲಾ ವಾಹನದಲ್ಲೋ ಕೆಲಸಕ್ಕೆ ಸೇರಿದ್ದು ಕಂಡರೆ ಆ ಸಂಸ್ಥೆಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಲಿಖಿತವಾಗಿ ತಿಳಿಸಿ. ಅಪರಾಧ ಆಗಬಹುದೆಂಬ ಗಟ್ಟಿ ಆತಂಕವಿದ್ದಾಗಲೇ ಪೊಲೀಸರಿಗೆ ತಿಳಿಸಲು ಪೋಕ್ಸೊ 19ನೇ ಕಲಂನಲ್ಲಿ ಅವಕಾಶವಿದೆ, ಆಗುವವರೆಗೆ ಕಾಯಬೇಕಾಗಿಲ್ಲ.